ರಿಮೋಟ್ ಸ್ಟಾರ್ಟರ್: ದಪ್ಪ ವೈರ್ ಯಾರು ಬೇಕಾದರೂ ಜೋಡಿಸುತ್ತಾರೆ

ಸಣ್ಣ ಕಾರಿಗೆ ಹೊರಗಡೆ ರಿಮೋಟ್ ಸ್ಟಾರ್ಟರ್, ಅಂದರೆ ದೂರದಿಂದಲೇ ಬಟನ್ ಒತ್ತಿ ಎಂಜಿನ್ ಸ್ಟಾರ್ಟ್ ಮಾಡುವ ಸಾಧನ, ಹಾಕಿಸಿಕೊಂಡಿದ್ದರೆ ಒಂದು ಪರೀಕ್ಷೆ ಮಾಡಿ. ಬಾನೆಟ್ ಎತ್ತಿಟ್ಟು, ನಾಲ್ಕು ಹೆಜ್ಜೆ ದೂರ ನಿಂತು ರಿಮೋಟ್ ಒತ್ತಿ. ಸೆಲ್ಫ್ ತಿರುಗಿತೋ, ಕೆಲಸ ಅರ್ಧಕ್ಕೇ ನಿಂತಿದೆ. ಫ್ಯಾನ್ ಬೆಲ್ಟ್ ಹತ್ತಿರ ಮೆಕ್ಯಾನಿಕ್ ಕೈ ಇಟ್ಟಿರುವಾಗ ಮನೆಯಲ್ಲಿ ಮಗು ರಿಮೋಟ್ ಜೊತೆ ಆಟವಾಡಿದರೆ ಏನಾಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ.

ಈ ಕೆಲಸದಲ್ಲಿ ದಪ್ಪ ವೈರ್ ಐದು, ಸಣ್ಣ ವೈರ್ ಆರೇಳು. ದಪ್ಪ ವೈರ್ ಜೋಡಿಸಿದ ತಕ್ಷಣ ಎಂಜಿನ್ ಸ್ಟಾರ್ಟ್ ಆಗುತ್ತೆ, ಗಿರಾಕಿ ಖುಷಿಯಾಗಿ ದುಡ್ಡು ಕೊಟ್ಟು ಹೋಗುತ್ತಾನೆ. ಎಂಜಿನ್ ಯಾವಾಗ ಸ್ಟಾರ್ಟ್ ಆಗಬಾರದು ಅನ್ನೋದನ್ನ ಮಾಡ್ಯೂಲ್‌ಗೆ (ರಿಮೋಟ್ ಸಂಕೇತ ಪಡೆದು ಎಂಜಿನ್ ಸ್ಟಾರ್ಟ್ ಮಾಡುವ ಡಬ್ಬಿಗೆ) ತಿಳಿಸೋದು ಸಣ್ಣ ವೈರ್‌ಗಳು. ಎರಡು ಗಂಟೆಯಲ್ಲಿ ಮುಗಿಸಿಕೊಡ್ತೀವಿ ಅನ್ನುವವರು ಸಾಮಾನ್ಯವಾಗಿ ಬಿಡೋದು ಇವನ್ನೇ. ಸರಿಯಾಗಿ ಮಾಡಿದರೆ ಐದಾರು ಗಂಟೆ ಹಿಡಿಯುತ್ತೆ.

ಮೊದಲು, ಬೆಂಗಳೂರಿಗೆ ಇದು ಬೇಕಾ? ಚಳಿ ದೇಶದವರಿಗೆ ಗಾಜಿನ ಮೇಲಿನ ಮಂಜು ಕರಗಿಸೋಕೆ ಇದು ಬೇಕು. ಸಮುದ್ರ ಮಟ್ಟದಿಂದ 900 ಮೀಟರ್‌ಗೂ ಮೇಲಿರುವ ನಮ್ಮೂರಲ್ಲಿ ಉಪಯೋಗ ಒಂದೇ, ಏಪ್ರಿಲ್-ಮೇ ಬಿಸಿಲಲ್ಲಿ ಎಸಿ ಹಾಕಿ ಕಾರನ್ನ ತಣ್ಣಗೆ ಮಾಡಿಟ್ಟುಕೊಳ್ಳೋದು. 2016ರ ಏಪ್ರಿಲ್‌ನಲ್ಲಿ ಇಲ್ಲಿ 39.2 ಡಿಗ್ರಿ ದಾಖಲಾಗಿತ್ತು, ಹಾಗಾಗಿ ಆಸೆ ತಪ್ಪಲ್ಲ. ಸಣ್ಣ ಕಾರಿನ ಕ್ಯಾಬಿನ್‌ಗೆ ಐದು ನಿಮಿಷ ಸಾಕು. ಟೈಮರ್ ಹತ್ತು ನಿಮಿಷಕ್ಕೆ ಇಟ್ಟರೆ ಪ್ರತಿ ಸಲ ಸುಮಾರು 100ರಿಂದ 150 ಮಿಲಿ ಪೆಟ್ರೋಲ್ ನಿಂತಲ್ಲೇ ಉರಿದುಹೋಗುತ್ತೆ. (ಹೊಂಗೆ ಮರದ ನೆರಳು ಸಿಕ್ಕರೆ ಇದ್ಯಾವುದೂ ಬೇಡ, ಅದು ಬೇರೆ ಮಾತು.)

ಕಾನೂನಿನ ಮಾತೂ ಇದೆ. 1988ರ ಮೋಟಾರು ವಾಹನ ಕಾಯ್ದೆಯ 126ನೇ ಕಲಂ ಪ್ರಕಾರ ಸಾರ್ವಜನಿಕ ಜಾಗದಲ್ಲಿ ನಿಂತ ವಾಹನದ ಡ್ರೈವರ್ ಸೀಟಲ್ಲಿ ಲೈಸೆನ್ಸ್ ಇರುವವರು ಇರಬೇಕು, ಇಲ್ಲದಿದ್ದರೆ ಎಂಜಿನ್ ಆಫ್ ಆಗಿ, ಬ್ರೇಕ್ ಹಾಕಿ ಅಥವಾ ಬೇರೆ ಕ್ರಮದಿಂದ ವಾಹನ ತಾನಾಗಿ ಚಲಿಸದಂತೆ ಮಾಡಿರಬೇಕು. ಅಂದರೆ ಮನೆ ಮುಂದಿನ ರಸ್ತೆಯಲ್ಲಿ ನಿಲ್ಲಿಸಿದ ಕಾರನ್ನ ಮೂರನೇ ಮಹಡಿಯಿಂದ ಸ್ಟಾರ್ಟ್ ಮಾಡೋ ಹಾಗಿಲ್ಲ. ಇದು ಸ್ವಂತ ಕಾಂಪೌಂಡಿನೊಳಗಿನ ವಸ್ತು. ಕಾಂಪೌಂಡಿನೊಳಗೂ ಬೇಸ್‌ಮೆಂಟ್ ಪಾರ್ಕಿಂಗ್ ಆದರೆ ಬೇಡ. ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದ ಗೂಡಲ್ಲಿ ಸೆಕ್ಯುರಿಟಿಯವರು ಮಲಗಿರುತ್ತಾರೆ.

ಇನ್ನು, ನಿಮ್ಮ ಕಾರು ಇದಕ್ಕೆ ಒಗ್ಗುತ್ತಾ ನೋಡಿ. ಎಸಿ ಹಾಕಿಕೊಂಡಿರುವಾಗಲೇ ಕೀ ಆಫ್ ಮಾಡಿ, ಮತ್ತೆ ಸ್ಟಾರ್ಟ್ ಮಾಡಿ. ಎಸಿ ತಾನಾಗಿ ಬಂದರೆ ಸರಿ. ಪ್ರತಿ ಸಲ ಬಟನ್ ಒತ್ತಲೇಬೇಕು ಅನ್ನುವ ಕಾರಾದರೆ ರಿಮೋಟ್‌ನಿಂದ ಎಂಜಿನ್ ಓಡುತ್ತೆ, ಕ್ಯಾಬಿನ್ ಮಾತ್ರ ಒಲೆಯಾಗಿಯೇ ಇರುತ್ತೆ. ದುಡ್ಡು ಉಳಿಸಿಕೊಳ್ಳಿ.

ಎಎಂಟಿ ಗೇರ್ (ಯಂತ್ರವೇ ಕ್ಲಚ್ ಒತ್ತಿ ಗೇರ್ ಹಾಕುವ ವ್ಯವಸ್ಥೆ) ಇದ್ದರೂ ಬೇಡ ಅನ್ನೋದೇ ನನ್ನ ಅಭಿಪ್ರಾಯ. ಎಎಂಟಿಯಲ್ಲಿ ಪಿ (ಪಾರ್ಕ್) ಅನ್ನೋ ಸ್ಥಾನವೇ ಇಲ್ಲ, ಒಳಗಿರೋದು ಮ್ಯಾನ್ಯುಯಲ್ ಗೇರ್‌ಬಾಕ್ಸೇ. ಸ್ಟಾರ್ಟ್ ಆಗೋಕೆ ಲಿವರ್ ನ್ಯೂಟ್ರಲ್‌ನಲ್ಲಿದ್ದು ಬ್ರೇಕ್ ಪೆಡಲ್ ಒತ್ತಿರಬೇಕು. ರಿಮೋಟ್‌ನಿಂದ ಸ್ಟಾರ್ಟ್ ಮಾಡಬೇಕಾದರೆ ಬ್ರೇಕ್ ಒತ್ತಿದೆ ಅಂತ ಕಾರಿಗೆ ಸುಳ್ಳು ಹೇಳಬೇಕು, ಆಮೇಲೆ ಕಾರು ಬರೀ ಹ್ಯಾಂಡ್ ಬ್ರೇಕ್ ಮೇಲೆ ನಿಂತಿರಬೇಕು. ಸಿವಿಟಿ ಅಥವಾ ಟಾರ್ಕ್ ಕನ್ವರ್ಟರ್ ಇರುವ, ಪಿ ಸ್ಥಾನ ಇರುವ ಆಟೋಮ್ಯಾಟಿಕ್‌ಗೆ ಇದು ಸಲೀಸು. ಮ್ಯಾನ್ಯುಯಲ್‌ಗೆ ಸಾಧ್ಯ, ಆದರೆ ಶಿಸ್ತು ಬೇಕು. ಕಾರಿಗೆ ವಾರಂಟಿ ಇನ್ನೂ ಇದ್ದರೆ, ವೈರ್ ಕತ್ತರಿಸಿದ್ದು ಕಂಡ ದಿನ ಎಲೆಕ್ಟ್ರಿಕಲ್ ಭಾಗದ ಕ್ಲೇಮ್‌ಗೆ ಜಗಳ ಗ್ಯಾರಂಟಿ.

ಸಾಮಾನು ಹೆಚ್ಚೇನಿಲ್ಲ. ಮಾಡ್ಯೂಲ್ ಜೆ.ಸಿ. ರಸ್ತೆಯಲ್ಲೋ ಆನ್‌ಲೈನಲ್ಲೋ ಸಿಗುತ್ತೆ. ಕೊಳ್ಳುವ ಮುಂಚೆ ಪೆಟ್ಟಿಗೆಯ ಮೇಲೆ ಮೂರು ವಿಷಯ ನೋಡಿ: ರೋಲಿಂಗ್ ಕೋಡ್ (ಪ್ರತಿ ಸಲ ಬದಲಾಗುವ ಸಂಕೇತ) ಇದೆಯಾ, ಮ್ಯಾನ್ಯುಯಲ್ ಗೇರ್‌ಗೆ ರೆಡಿ ಮೋಡ್ (ಏನು ಅಂತ ಮುಂದೆ ಹೇಳ್ತೀನಿ) ಇದೆಯಾ, ಬಾನೆಟ್ ಇನ್‌ಪುಟ್ ಇದೆಯಾ. ರಿಮೋಟ್ 433 ಮೆಗಾಹರ್ಟ್ಸ್‌ನದ್ದಾಗಿರಲಿ. ಅಮೆರಿಕಕ್ಕೆಂದು ಮಾಡಿದ ದೂರದ ರಿಮೋಟ್‌ಗಳಲ್ಲಿ ಹಲವು 900 ಮೆಗಾಹರ್ಟ್ಸ್ ಆಸುಪಾಸಿನವು, ನಮ್ಮಲ್ಲಿ ಅದು ಮೊಬೈಲ್ ಕಂಪನಿಗಳ ಜಾಗ. ಉಳಿದದ್ದೆಲ್ಲ ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಮುಗಿಯುತ್ತೆ: 4 ಸ್ಕ್ವೇರ್ ಎಂಎಂ ವೈರ್ 3 ಮೀಟರ್, 2.5 ಸ್ಕ್ವೇರ್ ಎಂಎಂ 5 ಮೀಟರ್, 0.5 ಸ್ಕ್ವೇರ್ ಎಂಎಂ ಐದಾರು ಬಣ್ಣದಲ್ಲಿ ತಲಾ 3 ಮೀಟರ್, 12 ವೋಲ್ಟ್ 40 ಆಂಪ್ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಕೂಡಿಸುವ ಸ್ವಿಚ್) ಮೂರು ಬೇಸ್ ಸಮೇತ, 30 ಆಂಪ್ ಬ್ಲೇಡ್ ಫ್ಯೂಸ್ ಹೋಲ್ಡರ್ ಎರಡು, 1ಎನ್4007 ಡಯೋಡ್ (ಕರೆಂಟನ್ನ ಒಂದೇ ದಿಕ್ಕಿಗೆ ಬಿಡುವಂಥದ್ದು) ಹತ್ತು, 3, 6 ಮತ್ತು 10 ಎಂಎಂ ಹೀಟ್ ಶ್ರಿಂಕ್. ಬಾನೆಟ್ ಪಿನ್ ಸ್ವಿಚ್ ಕಲಾಸಿಪಾಳ್ಯದ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಕೇಳಿ. ಸುತ್ತೋಕೆ ಬಟ್ಟೆ ಟೇಪ್ ತಗೊಳ್ಳಿ. ಪಿವಿಸಿ ಟೇಪು ಎರಡು ಬೇಸಿಗೆ ಕಳೆದ ಮೇಲೆ ಬೆಲ್ಲದ ಪಾಕದ ಹಾಗೆ ಜಾರಿ ಕೈಗಂಟುತ್ತೆ.

ಕೆಲಸ ಶುರು ಮಾಡುವಾಗ ಬ್ಯಾಟರಿಯ ನೆಗೆಟಿವ್ ಬಿಚ್ಚಿ ಐದು ನಿಮಿಷ ಕಾಯಿರಿ. ಸ್ಟಿಯರಿಂಗ್ ಕೆಳಗೆ ಹಳದಿ ಕಪ್ಲರ್ (ವೈರ್ ಜೋಡಿಸುವ ಪ್ಲಗ್) ಕಂಡರೆ ಅದು ಏರ್‌ಬ್ಯಾಗ್‌ದು. ಅದಕ್ಕೆ ಮೀಟರೂ ಬೇಡ, ಬೆರಳೂ ಬೇಡ. ಕೆಳಗಿನ ಪ್ಯಾನೆಲ್ ಬಿಚ್ಚಿ ಇಗ್ನಿಷನ್ ಸ್ವಿಚ್‌ನ ಹಿಂದಿನ ಕಪ್ಲರ್ ಹೊರಗೆಳೆದುಕೊಂಡು, ಬ್ಯಾಟರಿ ಮತ್ತೆ ಜೋಡಿಸಿ ಅಳತೆ ಮಾಡಿ. ಬಲ್ಬಿನ ಟೆಸ್ಟ್ ಲ್ಯಾಂಪ್ ಪಕ್ಕಕ್ಕಿಡಿ, ಅದು ಎಳೆಯುವ ಕರೆಂಟಿಗೆ ಇಸಿಎಂ (ಎಂಜಿನ್ನಿನ ಕಂಪ್ಯೂಟರ್) ಹೋಗಿಬಿಡಬಹುದು. ಡಿಜಿಟಲ್ ಮಲ್ಟಿಮೀಟರ್ 20 ವೋಲ್ಟ್ ಡಿಸಿಯಲ್ಲಿಟ್ಟು, ಕಪ್ಪು ಕಡ್ಡಿಯನ್ನ ಬಾಡಿಯ ಬೋಲ್ಟಿಗೆ ಹಿಡಿದು, ಒಂದೊಂದೇ ವೈರ್ ನೋಡಿ. ಕೀ ಎಲ್ಲಿದ್ದರೂ 12 ವೋಲ್ಟ್ ತೋರಿಸೋದು ಬ್ಯಾಟರಿ ಲೈನ್. ಕೀ ಎಸಿಸಿ (ರೇಡಿಯೋದಂಥವು ಮಾತ್ರ ಓಡುವ ಸ್ಥಾನ) ಮತ್ತು ಆನ್‌ನಲ್ಲಿದ್ದಾಗ 12 ತೋರಿಸಿ, ಸೆಲ್ಫ್ ಹೊಡೆಯುವಾಗ ಸೊನ್ನೆಗೆ ಬೀಳೋದು ಎಸಿಸಿ. ಆನ್‌ನಲ್ಲೂ ಸೆಲ್ಫ್ ಹೊಡೆಯುವಾಗಲೂ ಬೀಳದೆ ನಿಲ್ಲೋದು ಇಗ್ನಿಷನ್ 1. ಆನ್‌ನಲ್ಲಿ ಬಂದು ಸೆಲ್ಫ್ ಹೊತ್ತಲ್ಲಿ ಬೀಳೋದು ಇಗ್ನಿಷನ್ 2, ಸಾಮಾನ್ಯವಾಗಿ ಬ್ಲೋವರ್ ಇದರ ಮೇಲಿರುತ್ತೆ. ಸೆಲ್ಫ್ ಹೊಡೆಯುವಾಗ ಮಾತ್ರ ಬರೋದು ಸ್ಟಾರ್ಟರ್ ವೈರ್. ಯೂಟ್ಯೂಬ್‌ನಲ್ಲಿ ಹೇಳಿದ ಬಣ್ಣ ನಂಬಬೇಡಿ. ಒಂದೇ ಮಾಡೆಲ್‌ನಲ್ಲಿ ವರ್ಷ ಬದಲಾದರೆ ಬಣ್ಣ ಬದಲಾಗುತ್ತೆ.

ಇಗ್ನಿಷನ್ 1 ಮತ್ತು 2 ಅದಲುಬದಲಾದರೆ ಗುರುತು ಸುಲಭ. ಸೆಲ್ಫ್ ಚೆನ್ನಾಗಿ ತಿರುಗುತ್ತೆ, ಎಂಜಿನ್ ಹಿಡಿಯಲ್ಲ. ಯಾಕಂದರೆ ಸೆಲ್ಫ್ ತಿರುಗುವ ಅಷ್ಟೂ ಹೊತ್ತು ಇಸಿಎಂಗೆ ಕರೆಂಟೇ ಇರುವುದಿಲ್ಲ. ಇಗ್ನಿಷನ್ 2 ಜೋಡಿಸೋದನ್ನೇ ಮರೆತರೆ ಎಂಜಿನ್ ಓಡುತ್ತೆ, ಬ್ಲೋವರ್ ಸತ್ತಿರುತ್ತೆ, ಕೆಲವು ಕಾರಿನಲ್ಲಿ ಪವರ್ ಸ್ಟಿಯರಿಂಗ್ ಲ್ಯಾಂಪೂ ಉರಿಯುತ್ತೆ.

ಸ್ಟಾರ್ಟರ್ ವೈರನ್ನ ಇಗ್ನಿಷನ್ ಸ್ವಿಚ್ ಬಳಿಯೇ ಹಿಡಿಯಿರಿ, ಬಾನೆಟ್ ಒಳಗಿನ ರಿಲೇ ಹತ್ತಿರ ಬೇಡ. ಸ್ವಿಚ್ ಕಡೆ ಜೋಡಿಸಿದರೆ ಆಟೋಮ್ಯಾಟಿಕ್ ಗೇರಿನ ಪಿ-ಎನ್ ಸ್ವಿಚ್ ಲೈನಿನಲ್ಲಿ ಹಾಗೇ ಉಳಿಯುತ್ತೆ. ಗೇರ್ ಡಿಯಲ್ಲಿದ್ದರೆ ಸೆಲ್ಫ್ ತಿರುಗಲ್ಲ.

ಕಪ್ಲರ್ ಟು ಕಪ್ಲರ್ ಹಾರ್ನೆಸ್ ಸಿಕ್ಕರೆ ಅದೇ ಉತ್ತಮ, ವೈರ್ ಕತ್ತರಿಸೋದೇ ಬೇಡ. ಸಿಗದಿದ್ದರೆ ಒರಿಜಿನಲ್ ವೈರಿನ ಪ್ಲಾಸ್ಟಿಕ್ಕನ್ನ ಒಂದು ಇಂಚು ಸುಲಿದು, ಎಳೆಗಳ ಮಧ್ಯೆ ಜಾಗ ಮಾಡಿ, ಹೊಸ ವೈರನ್ನ ತೂರಿಸಿ ಸುತ್ತಿ, 60 ವ್ಯಾಟ್ ಐರನ್‌ನಲ್ಲಿ ಸೋಲ್ಡರ್ ಮಾಡಿ. ಒತ್ತಿ ಮುಚ್ಚುವ ನೀಲಿ-ಕೆಂಪು ಟ್ಯಾಪ್ ಕನೆಕ್ಟರ್‌ಗಳು ಸಣ್ಣ ವೈರಿಗೇ ಅನುಮಾನ, ಬ್ಲೋವರ್ ಕರೆಂಟ್ ಹರಿಯುವ ಲೈನಿಗಂತೂ ಬೇಡವೇ ಬೇಡ. ಎರಡು ಎಳೆಗೆ ಮಾತ್ರ ತಾಗಿ, ಬಿಸಿಯಾಗಿ, ಒಂದು ದಿನ ಡ್ಯಾಶ್‌ಬೋರ್ಡ್ ಕೆಳಗಿಂದ ಸುಟ್ಟ ವಾಸನೆ ಬರುತ್ತೆ. ಬ್ಯಾಟರಿ ಲೈನಿನ ಫ್ಯೂಸ್, ಲೈನ್ ತೆಗೆದುಕೊಂಡ ಜಾಗದಿಂದ ಒಂದು ಗೇಣಿನೊಳಗೇ ಇರಲಿ. ಹೊರಗಿನ ರಿಲೇ ಹಾಕಿದರೆ ಕಾಯಿಲ್‌ಗೆ ಅಡ್ಡಲಾಗಿ ಒಂದು ಡಯೋಡ್ ಹಾಕಿ, ಪಟ್ಟೆ ಇರುವ ಕಡೆ ಪಾಸಿಟಿವ್‌ಗೆ.

ಮುಂದಿನದು ಇಮ್ಮೊಬಿಲೈಸರ್, ಕಳ್ಳತನ ತಡೆಯುವ ವ್ಯವಸ್ಥೆ. ಕೀ ತಲೆಯೊಳಗಿನ ಚಿಪ್ಪನ್ನ ಕೀ ಹೋಲ್ ಸುತ್ತಲಿನ ಆಂಟೆನಾ ಉಂಗುರ ಓದದಿದ್ದರೆ ಎಂಜಿನ್ ಹಿಡಿಯಲ್ಲ. ಕಾರಿನೊಳಗೆ ಕೀ ಚಿತ್ರದ ಲ್ಯಾಂಪ್ ಮಿಣಮಿಣ ಅನ್ನುತ್ತೆ. ಸೋಮಾರಿ ದಾರಿ ಅಂದರೆ ಸ್ಪೇರ್ ಕೀಯಿಂದ ಚಿಪ್ ಕಿತ್ತು ಉಂಗುರದ ಪಕ್ಕ ಅಂಟಿಸಿಬಿಡೋದು. ಹೀಗೆ ಮಾಡಿದ ದಿನದಿಂದ ಆ ಕಾರಿಗೆ ಇಮ್ಮೊಬಿಲೈಸರ್ ಇಲ್ಲ, ಯಾವ ಕಬ್ಬಿಣದ ತುಂಡು ತೂರಿಸಿ ತಿರುಗಿಸಿದರೂ ಹೊರಡುತ್ತೆ. ಕಾರು ಕಳುವಾದರೆ ಇನ್ಶೂರೆನ್ಸ್‌ನವರು ಮೊದಲು ಕೇಳೋದು ಎರಡೂ ಒರಿಜಿನಲ್ ಕೀ. ಹಾಗಾಗಿ ಮೂರನೇ ಚಿಪ್ ಕೀ ಮಾಡಿಸಿ, ಪ್ರೋಗ್ರಾಂ ಮಾಡಿಸಿ, ಅದನ್ನ ಬೈಪಾಸ್ ಡಬ್ಬಿಯೊಳಗಿಡಿ (ರಿಮೋಟ್ ಒತ್ತಿದಾಗ ಚಿಪ್ ಇದೆ ಅಂತ ಕಾರಿಗೆ ತೋರಿಸೋದು ಈ ಡಬ್ಬಿ). ಡಬ್ಬಿಯಿಂದ ಬರುವ ತೆಳು ವೈರನ್ನ ಆಂಟೆನಾ ಉಂಗುರದ ಮೇಲೆ ಎಂಟು-ಹತ್ತು ಸುತ್ತು ಸುತ್ತಿ. ಡಬ್ಬಿಯ ರಿಲೇಯನ್ನ ಮಾಡ್ಯೂಲ್‌ನ ‘ರನ್ನಿಂಗ್ ನೆಗೆಟಿವ್’ ಔಟ್‌ಪುಟ್‌ಗೆ ಕೊಟ್ಟರೆ ರಿಮೋಟ್‌ನಿಂದ ಓಡುವಾಗ ಮಾತ್ರ ಆ ಸುತ್ತು ಕೂಡಿಕೊಳ್ಳುತ್ತೆ, ಉಳಿದ ಹೊತ್ತು ಚಿಪ್ ಇದ್ದೂ ಇಲ್ಲದ ಹಾಗೆ. ಆದಮೇಲೆ ಪರೀಕ್ಷೆ: ನಿಮ್ಮ ಕೀ ತಲೆಗೆ ಅಡುಗೆಮನೆಯ ಅಲ್ಯುಮಿನಿಯಂ ಫಾಯಿಲ್ ಎರಡು ಸುತ್ತು ಬಿಗಿಯಾಗಿ ಸುತ್ತಿ ಸ್ಟಾರ್ಟ್ ಮಾಡಿ. ಹಿಡಿದರೆ ರಿಲೇ ಸದಾ ಕೂಡಿಕೊಂಡೇ ಇದೆ, ಬಿಚ್ಚಿ ನೋಡಿ.

ಈಗ ಸಣ್ಣ ವೈರ್‌ಗಳು. ಒಂದೊಂದಕ್ಕೂ ಕೇಳಬೇಕಾದ ಪ್ರಶ್ನೆ, ಈ ವೈರ್ ನಾಳೆ ತುಂಡಾದರೆ ಏನಾಗುತ್ತೆ?

ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಇಲಿ ವೈರ್ ಕಡಿಯೋದು ಹೊಸದಲ್ಲ. ಬಾನೆಟ್ ಪಿನ್ ಸ್ವಿಚ್ ಬಾನೆಟ್ ಎತ್ತಿದಾಗ ಅರ್ತ್ ಕೊಡುತ್ತೆ. ಇಲಿ ಈ ವೈರ್ ಕಡಿದರೆ ಮಾಡ್ಯೂಲ್‌ಗೆ ಅರ್ತ್ ಬರೋದೇ ಇಲ್ಲ, ಬಾನೆಟ್ ಸದಾ ಮುಚ್ಚಿದೆ ಅಂದುಕೊಳ್ಳುತ್ತೆ. ಬಾಗಿಲಿನ ವೈರೂ ಹಾಗೇ, ಬ್ರೇಕ್ ಲೈಟಿನ ವೈರೂ ಹಾಗೇ. ಈ ಮೂರೂ ತುಂಡಾದಾಗ ಏನೂ ಸುಳಿವು ಕೊಡದೆ ಅಪಾಯದ ಕಡೆ ವಾಲುತ್ತವೆ. ಹ್ಯಾಂಡ್ ಬ್ರೇಕ್ ವೈರ್ ಮಾತ್ರ ತುಂಡಾದರೆ ‘ಬ್ರೇಕ್ ಹಾಕಿಲ್ಲ’ ಅಂದುಕೊಂಡು ಸ್ಟಾರ್ಟ್ ಮಾಡೋದೇ ಇಲ್ಲ. ಅದಕ್ಕೇ ಬಾನೆಟ್ ವೈರಿಗೆ ಗಟ್ಟಿ ಕೊಳವೆ ಹಾಕಿ, ಫೈರ್‌ವಾಲ್‌ನ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ರಬ್ಬರ್ ಗ್ರಾಮೆಟ್ ಮೂಲಕ ತನ್ನಿ, ತಿಂಗಳಿಗೊಮ್ಮೆ ಬಾನೆಟ್ ಎತ್ತಿ ರಿಮೋಟ್ ಒತ್ತಿ ನೋಡಿ.

ಹ್ಯಾಂಡ್ ಬ್ರೇಕ್ ವೈರಿನಲ್ಲಿ ಬೇರೆ ತರಹದ ಕುಣಿಕೆ ಇದೆ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಮೀಟರ್‌ನಲ್ಲಿ ಉರಿಯುವ ಕೆಂಪು ಬ್ರೇಕ್ ಲ್ಯಾಂಪ್ ಎರಡು ಸ್ವಿಚ್‌ಗೆ ಸೇರಿದ್ದು: ಒಂದು ಹ್ಯಾಂಡ್ ಬ್ರೇಕ್ ಲಿವರ್, ಇನ್ನೊಂದು ಬ್ರೇಕ್ ಆಯಿಲ್ ಡಬ್ಬಿಯ ಫ್ಲೋಟ್. ಲ್ಯಾಂಪಿನ ವೈರಿಗೇ ಮಾಡ್ಯೂಲ್ ಜೋಡಿಸಿದರೆ, ಬ್ರೇಕ್ ಆಯಿಲ್ ಕಮ್ಮಿಯಾದ ದಿನ ಹ್ಯಾಂಡ್ ಬ್ರೇಕ್ ಎಳೆಯದಿದ್ದರೂ ‘ಎಳೆದಿದೆ’ ಅಂತ ಸಂಕೇತ ಹೋಗುತ್ತೆ. ಬ್ರೇಕೇ ಸರಿಯಿಲ್ಲದ ದಿನ! ಲಿವರ್ ಬುಡದಲ್ಲಿ ವೈರ್ ಕತ್ತರಿಸಿ ಮಧ್ಯೆ ಒಂದು ಡಯೋಡ್ ಹಾಕಿ, ಪಟ್ಟೆ ಲಿವರ್ ಸ್ವಿಚ್ ಕಡೆಗೆ. ಮಾಡ್ಯೂಲ್‌ನ ವೈರ್ ಡಯೋಡ್ ಮತ್ತು ಸ್ವಿಚ್ ನಡುವೆ ಬರಲಿ. ಒಂದು ರೂಪಾಯಿ-ಎರಡು ರೂಪಾಯಿಯ ಡಯೋಡ್, ಇದನ್ನ ಹಾಕಿದ ಕಾರು ಮಾತ್ರ ಅಪರೂಪ.

ಬಾಗಿಲು ಅಂದರೆ ಎಲ್ಲ ಬಾಗಿಲು, ಡಿಕ್ಕಿ ಸೇರಿ. ಡ್ರೈವರ್ ಬಾಗಿಲಿಗೆ ಮಾತ್ರ ಜೋಡಿಸಿದರೆ ಮಗು ಎಡಗಡೆಯಿಂದ ಹತ್ತಿ ಗೇರ್ ಎಳೆದು ಇಳಿದು ಹೋದರೂ ಮಾಡ್ಯೂಲ್‌ಗೆ ಗೊತ್ತಾಗಲ್ಲ. ಕೆಲವು ಬೇಸ್ ಮಾಡೆಲ್‌ಗಳಲ್ಲಿ ಹಿಂದಿನ ಬಾಗಿಲಿಗೆ ಸ್ವಿಚ್ಚೇ ಇರಲ್ಲ, ಪಿನ್ ಸ್ವಿಚ್ ಕೂರಿಸಬೇಕು. ಬಾಗಿಲುಗಳು ಬೇರೆ ಬೇರೆ ವೈರ್ ಆದರೆ ಒಂದೊಂದಕ್ಕೂ ಡಯೋಡ್, ಪಟ್ಟೆ ಬಾಗಿಲಿನ ಕಡೆ. ಒಳಗಿನ ಲೈಟ್ ನಿಧಾನ ಮಂಕಾಗುವ ಕಾರಿನಲ್ಲಿ ಲೈಟಿನ ವೈರ್ ಹಿಡಿದರೆ ಬಾಗಿಲು ಹಾಕಿ ಹತ್ತು ಸೆಕೆಂಡಾದರೂ ‘ತೆರೆದಿದೆ’ ಅನ್ನುತ್ತಿರುತ್ತೆ. ಸ್ವಿಚ್ ಬಳಿಯೇ ಹಿಡಿಯಿರಿ.

ಮ್ಯಾನ್ಯುಯಲ್ ಕಾರಿನಲ್ಲಿ ಇಷ್ಟೆಲ್ಲ ಯಾಕೆ ಅಂದರೆ, ಗೇರ್ ನ್ಯೂಟ್ರಲ್‌ನಲ್ಲಿದೆ ಅಂತ ತಿಳಿಯೋಕೆ ಮಾಡ್ಯೂಲ್‌ಗೆ ನೇರ ದಾರಿ ಇಲ್ಲ. ಅದಕ್ಕೆ ರೆಡಿ ಮೋಡ್. ಎಂಜಿನ್ ಓಡುತ್ತಿರುವಾಗಲೇ ಹ್ಯಾಂಡ್ ಬ್ರೇಕ್ ಎಳೆದು, ರಿಮೋಟ್ ಒತ್ತಿ, ಕೀ ತೆಗೆಯುತ್ತೀರಿ. ಎಂಜಿನ್ ಓಡುತ್ತಲೇ ಇರುತ್ತೆ. ಇಳಿದು ಬಾಗಿಲು ಹಾಕಿ ಲಾಕ್ ಮಾಡಿದ ಮೇಲೆ ಮಾಡ್ಯೂಲ್ ಆಫ್ ಮಾಡುತ್ತೆ. ಕ್ಲಚ್ ಮೇಲೆ ಕಾಲಿಲ್ಲದೆ ಎಂಜಿನ್ ಓಡಿತು ಅಂದರೆ ಗೇರ್ ನ್ಯೂಟ್ರಲ್‌ನಲ್ಲೇ ಇತ್ತು, ಆಮೇಲೆ ಯಾವ ಬಾಗಿಲೂ ತೆರೆದಿಲ್ಲ, ಹಾಗಾಗಿ ಈಗಲೂ ನ್ಯೂಟ್ರಲ್ಲೇ. ತರ್ಕ ಚೆನ್ನಾಗಿದೆ, ಕಿಟಕಿ ಇಳಿಸಿಟ್ಟರೆ ಮಾತ್ರ ಮುರಿಯುತ್ತೆ: ಹೊರಗಿಂದಲೇ ಕೈ ಹಾಕಿ ಗೇರ್ ಎಳೆಯಬಹುದು. ಗಾಜು ಏರಿಸಿಯೇ ಲಾಕ್ ಮಾಡಿ. ಫಸ್ಟ್ ಗೇರಿನಲ್ಲಿರುವ ಸಣ್ಣ ಕಾರನ್ನ ಸೆಲ್ಫ್ ಮೋಟರ್ ಒಂದೇ ಏಟಿಗೆ ಮುಂದಕ್ಕೆ ನೂಕಬಲ್ಲದು, ನಮ್ಮ ಪಾರ್ಕಿಂಗ್‌ನಲ್ಲಿ ಕಂಬ ಇರೋದು ಒಂದಡಿ ದೂರದಲ್ಲಿ.

ರ‍್ಯಾಂಪ್ ಮೇಲೆ ನಿಲ್ಲಿಸುವವರಿಗೆ ಗೇರಿನಲ್ಲಿ ಹಾಕಿಡುವ ಅಭ್ಯಾಸ ಇರುತ್ತೆ, ಅದೇ ಸರಿ. ಅಂಥ ಜಾಗದಲ್ಲಿ ರಿಮೋಟ್ ಸ್ಟಾರ್ಟ್ ಮರೆತುಬಿಡಿ.

ಕ್ಲಚ್ ಒತ್ತದೆ ಸೆಲ್ಫ್ ತಿರುಗದ ಕಾರುಗಳಲ್ಲಿ ಕ್ಲಚ್ ಸ್ವಿಚ್‌ನ ಎರಡು ವೈರ್ ಸೇರಿಸಿ ಗಂಟು ಹಾಕಿಬಿಡುತ್ತಾರೆ. ಆಮೇಲೆ ಕೀಯಿಂದ ಸ್ಟಾರ್ಟ್ ಮಾಡುವಾಗಲೂ ಆ ರಕ್ಷಣೆ ಇಲ್ಲ. ಅಲ್ಲಿ ರಿಲೇ ಹಾಕಿ, ರಿಮೋಟ್‌ನಿಂದ ಸೆಲ್ಫ್ ತಿರುಗುವ ಆ ಎರಡು ಸೆಕೆಂಡ್ ಮಾತ್ರ ಸೇರುವಂತೆ ಮಾಡಿ. 30 ಮತ್ತು 87ನೇ ಪಿನ್ ಸ್ವಿಚ್‌ನ ಎರಡು ವೈರಿಗೆ, 85-86ರಲ್ಲಿ ಒಂದು ಮಾಡ್ಯೂಲ್‌ನ ಸ್ಟಾರ್ಟ್ ಔಟ್‌ಪುಟ್‌ಗೆ, ಇನ್ನೊಂದು, ಆ ಔಟ್‌ಪುಟ್ ಪಾಸಿಟಿವ್ ಆದರೆ ಅರ್ತ್‌ಗೆ, ನೆಗೆಟಿವ್ ಆದರೆ 12 ವೋಲ್ಟ್‌ಗೆ. 87ಎ ಖಾಲಿ ಬಿಡಿ.

ಎಂಜಿನ್ ಹಿಡಿಯಿತು ಅಂತ ಮಾಡ್ಯೂಲ್‌ಗೆ ತಿಳಿಸೋಕೆ ಟ್ಯಾಕ್ (ಎಂಜಿನ್ ವೇಗ ತಿಳಿಸುವ) ವೈರನ್ನ ಒಂದು ಇಂಜೆಕ್ಟರ್‌ನ (ಇಂಧನ ಚಿಮ್ಮಿಸುವ ಭಾಗ) ಕಂಟ್ರೋಲ್ ವೈರಿನಿಂದ ತೆಗೆದುಕೊಳ್ಳಿ. 800 ಆರ್‌ಪಿಎಂನಲ್ಲಿ ಒಂದು ಇಂಜೆಕ್ಟರ್ ನಿಮಿಷಕ್ಕೆ 400 ಸಲ ಬಡಿಯುತ್ತೆ, ಮಾಡ್ಯೂಲ್ ಅದನ್ನ ಕಲಿತುಕೊಳ್ಳುತ್ತೆ. ವೈರ್ ಎಳೆಯೋ ಗೋಜು ಬೇಡ ಅಂತ ವೋಲ್ಟೇಜ್ ಮೋಡಿಗೆ ಹಾಕಿದರೆ, ಆಲ್ಟರ್ನೇಟರ್ 14 ವೋಲ್ಟ್ ಹತ್ತಿರ ಬಂದಾಗ ‘ಹಿಡಿಯಿತು’ ಅಂದುಕೊಳ್ಳುತ್ತೆ. ಹಳೆ ಕಾರುಗಳಿಗೆ ಅದು ನಡೆಯುತ್ತೆ. ಚಾರ್ಜಿಂಗನ್ನ ಇಸಿಎಂ ಹಿಡಿತದಲ್ಲಿಟ್ಟ ಹೊಸ ಕಾರುಗಳಲ್ಲಿ ವೋಲ್ಟೇಜ್ ತಡವಾಗಿ ಏರಿದರೆ ಓಡುತ್ತಿರುವ ಎಂಜಿನ್ ಮೇಲೆ ಮತ್ತೆ ಸೆಲ್ಫ್ ಹೊಡೆಯುತ್ತೆ, ಕರ್ರ್ ಅಂತ ಹಲ್ಲು ಕಡಿದ ಸದ್ದು. ಡೀಸೆಲ್ ಕಾರಾದರೆ ಎಂಜಿನ್ ಒಳಗಿನ ಗ್ಲೋ ಪ್ಲಗ್ ಬಿಸಿಯಾಗಲು ಕಾಯುವ ಸಮಯವನ್ನೂ ಸೆಟ್ ಮಾಡಬೇಕು.

ಬ್ಯಾಟರಿ ಬಗ್ಗೆ ಒಂದು ಲೆಕ್ಕ. ಮಾಡ್ಯೂಲ್ ಸುಮ್ಮನಿದ್ದಾಗ 20 ಮಿಲಿಆಂಪ್ ತಿಂದು, ಕಾರಿನದ್ದೇ 30 ಸೇರಿದರೆ, ದಿನಕ್ಕೆ 1.2 ಆಂಪ್-ಅವರ್. 35 ಆಂಪ್-ಅವರ್ ಬ್ಯಾಟರಿ ಎರಡು ವಾರ ನಿಂತರೆ ಅರ್ಧ ಖಾಲಿ. ಬೇಸಿಗೆ ರಜೆಗೆ ಊರಿಗೆ ಹೋಗುವವರು ಫ್ಯೂಸ್ ತೆಗೆದಿಟ್ಟು ಹೋಗಿ. ಮುದಿ ಬ್ಯಾಟರಿಯಲ್ಲಿ ಸೆಲ್ಫ್ ಹೊಡೆಯುವಾಗ ವೋಲ್ಟೇಜ್ 9ರ ಕೆಳಗೆ ಕುಸಿದು ಮಾಡ್ಯೂಲೇ ರೀಸೆಟ್ ಆಗುತ್ತೆ. ಟಕ್ ಅಂದು ನಿಂತುಹೋಗುವ ಕಾರಿಗೆ ಮಾಡ್ಯೂಲ್ ಬದಲಿಸಿ ಪ್ರಯೋಜನವಿಲ್ಲ.

ಎಲ್ಲ ಮುಗಿದ ಮೇಲೆ ಬಯಲಿನಲ್ಲಿ, ಚಕ್ರಕ್ಕೆ ಕಲ್ಲು ಕೊಟ್ಟು ಪರೀಕ್ಷೆ. ಓಡುವಾಗ ಬ್ರೇಕ್ ಒತ್ತಿ, ನಿಲ್ಲಬೇಕು. ಹ್ಯಾಂಡ್ ಬ್ರೇಕ್ ಇಳಿಸಿ, ನಿಲ್ಲಬೇಕು. ಬಾನೆಟ್ ಎತ್ತಿ, ನಿಲ್ಲಬೇಕು. ರೆಡಿ ಮೋಡಿಗೆ ಹಾಕಿ ಒಂದೊಂದೇ ಬಾಗಿಲು, ಕೊನೆಗೆ ಡಿಕ್ಕಿ ತೆರೆದು ಮುಚ್ಚಿ. ಪ್ರತಿ ಸಲವೂ ಸ್ಟಾರ್ಟ್ ಆಗಲು ನಿರಾಕರಿಸಬೇಕು. ಬ್ರೇಕ್ ಆಯಿಲ್ ಫ್ಲೋಟ್‌ನ ಕಪ್ಲರ್ ಬಿಚ್ಚಿ ಎರಡು ಪಿನ್ ಸೇರಿಸಿ, ಹ್ಯಾಂಡ್ ಬ್ರೇಕ್ ಇಳಿಸಿದ ಸ್ಥಿತಿಯಲ್ಲಿ ರೆಡಿ ಮೋಡ್ ಪ್ರಯತ್ನಿಸಿ. ಬರಬಾರದು.

ದಿನಬಳಕೆಯಲ್ಲಿ ತಪ್ಪೋದು ಒಂದೇ ಕಡೆ. ಓಡುತ್ತಿರುವ ಕಾರಿಗೆ ಹತ್ತಿದಾಗ ಕೀ ತೂರಿಸಿ ಆನ್‌ವರೆಗೆ ಮಾತ್ರ ತಿರುಗಿಸಿ, ಆಮೇಲೆ ಬ್ರೇಕ್ ಒತ್ತಿ. ಅಭ್ಯಾಸಬಲದಿಂದ ಸ್ಟಾರ್ಟ್‌ವರೆಗೆ ತಿರುಗಿಸಿದರೆ ಮತ್ತದೇ ಹಲ್ಲು ಕಡಿಯುವ ಸದ್ದು. ರಿಮೋಟ್ ಒತ್ತುವ ಮುಂಚೆ ಕಾರು ಕಣ್ಣಿಗೆ ಕಾಣುತ್ತಿರಲಿ. ಬೆಚ್ಚಗಿರುತ್ತೆ ಅಂತ ಬೆಕ್ಕುಗಳು ಎಂಜಿನ್ ಪಕ್ಕ ಮಲಗಿರುತ್ತವೆ, ಕಾರಿನ ಕೆಳಗೆ ನಾಯಿ.

ಸರ್ವಿಸ್‌ಗೆ ಬಿಡುವಾಗ, ನೀರು ಹಾಕಿ ತೊಳೆಯೋಕೆ ಕೊಡುವಾಗ ವ್ಯಾಲೆ ಸ್ವಿಚ್ ಹಾಕಿಬಿಡಿ, ರಿಮೋಟ್ ಸತ್ತಿರುತ್ತೆ. ಆ ಸ್ವಿಚ್ ಎಲ್ಲಿದೆ ಅಂತ ಮನೆಯ ಎಲ್ಲ ಡ್ರೈವರ್‌ಗೂ ಗೊತ್ತಿರಲಿ. ಬಾನೆಟ್ ಎತ್ತಿದ ತಕ್ಷಣ ಕಾಣುವ ಹಾಗೆ ರೇಡಿಯೇಟರ್ ಮೇಲಿನ ಪಟ್ಟಿಯ ಮೇಲೆ ‘ರಿಮೋಟ್ ಸ್ಟಾರ್ಟ್ ಇದೆ, ಕೈ ಹಾಕುವ ಮುಂಚೆ ಬ್ಯಾಟರಿ ಬಿಚ್ಚಿ’ ಅಂತ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಅಂಟಿಸಿ. ಸಾಮಾನ್ಯ ಸ್ಟಿಕ್ಕರ್ ಎಂಜಿನ್ ಬಿಸಿಗೆ ಉದುರುತ್ತೆ, ಅಲ್ಯುಮಿನಿಯಂ ತಗಡಿನ ಮೇಲೆ ಪೇಂಟ್ ಮಾಡಿಸಿ ರಿವೆಟ್ ಹೊಡೆಸಿ.